ಮೂವತ್ತೇಳನೇ ಕೊಕ್ಕೆ

ಪುಸ್ತಕದ ಬೆನ್ನಿಗೆ ಅಂಟಿಸಿದ್ದ ಬಟ್ಟೆಯನ್ನು ಬ್ಲೇಡು ಅರ್ಧ ಸೀಳಿತ್ತು. ಅಷ್ಟರಲ್ಲಿ ಒಳಗಿನಿಂದ ಏನೋ ಜಾರಿ ಮೇಜಿನ ಮೇಲೆ ಠಣ್ಣೆಂದು ಬಿತ್ತು.

ಅದೊಂದು ಹಿತ್ತಾಳೆಯ ಬಿಲ್ಲೆ, ಕೋಟಿನ ಗುಂಡಿಗಿಂತ ತುಸು ದೊಡ್ಡದು. ಮೇಲ್ತುದಿಯಲ್ಲಿ ಒಂದು ತೂತು, ನಡುವೆ ಉಳಿಯಿಂದ ಕೊರೆದ ಅಂಕಿ: ೩೭.

ಭೂತಗನ್ನಡಿ ಮೇಡಂ ಅದನ್ನು ಮುಟ್ಟಲಿಲ್ಲ. ಮುಟ್ಟಲು ಧೈರ್ಯ ಬರಲಿಲ್ಲ ಎಂದರೂ ಸರಿಯೇ. ಪೊಲೀಸ್ ಇಲಾಖೆಯ ಬೆರಳುಮುದ್ರೆ ವಿಭಾಗದಲ್ಲಿ ಮೂವತ್ತೊಂದು ವರ್ಷ ಕೂತು ನಿವೃತ್ತಳಾದ ಈ ಹೆಂಗಸಿಗೆ ಅವಳು ಬಂದ ವಾರದಲ್ಲೇ ಕಾಲೇಜಿನ ಹುಡುಗಿಯರು ಆ ಹೆಸರಿಟ್ಟಿದ್ದರು. ಹೆಣ್ಣುಮಕ್ಕಳ ಈ ಕಾಲೇಜಿಗೆ ನೂರು ತುಂಬುತ್ತಿದೆ, ಚರಿತ್ರೆ ಬರೆದುಕೊಡುತ್ತೇನೆ ಎಂದು ಬಂದು ಎರಡು ತಿಂಗಳಿಂದ ಅತಿಥಿಗಳ ಕೋಣೆಯಲ್ಲಿ ಬೀಡುಬಿಟ್ಟಿದ್ದಳು. ಚರಿತ್ರೆ ಬರೀ ನೆಪ. ನಲವತ್ತೆಂಟು ವರ್ಷದ ಹಿಂದೆ ಇದೇ ಗೇಟು ದಾಟಿಹೋಗಿ ತಿರುಗಿ ಬಾರದ ಅಕ್ಕನನ್ನು ಹುಡುಕಿಕೊಂಡು ಅವಳು ಬಂದಿದ್ದಳು. ಅಕ್ಕನ ನಂಬರು ಮೂವತ್ತೇಳು.

ಗೇಟಿನ ಕೋಣೆಯಲ್ಲಿ ಒಂದು ದೊಡ್ಡ ಮರದ ಹಲಗೆ ಇದೆ. ಅದರ ತುಂಬ ಸಾಲಾಗಿ ಕೊಕ್ಕೆಗಳು. ಹಾಸ್ಟೆಲ್ಲಿನ ಪ್ರತಿ ಹುಡುಗಿಗೂ ಒಂದು ಕೊಕ್ಕೆ, ಒಂದು ಬಿಲ್ಲೆ. ಹೊರಗೆ ಹೋಗುವವಳು ತನ್ನ ಬಿಲ್ಲೆ ತೆಗೆದುಕೊಂಡು ಹೋಗಬೇಕು, ಬಂದವಳು ನೇತುಹಾಕಬೇಕು. ಸಂಜೆ ಆರಕ್ಕೆ ಗೇಟಿನಾಕೆ ಖಾಲಿ ಕೊಕ್ಕೆಗಳನ್ನು ಎಣಿಸುತ್ತಾಳೆ. ಸ್ವಂತ ಮನೆಯ ಮೂರು ಕೋಣೆಗಳಲ್ಲಿ ಐದು ಹುಡುಗಿಯರಿಗೆ ತತ್ವಶಾಸ್ತ್ರ, ಸಾಹಿತ್ಯ ಕಲಿಸಲು ಶುರುಮಾಡಿದ ಸ್ಥಾಪಕಿಯ ಕಾಲದಿಂದ ನಡೆದುಬಂದ ಪದ್ಧತಿ ಇದು. ಹಲಗೆಯ ಮೇಲೆ ಆಕೆಯ ಕೈಬರಹದ ಸಾಲು ಈಗಲೂ ಇದೆ: 'ಇದು ಯಾರನ್ನೂ ಕಟ್ಟಿಹಾಕುವುದಕ್ಕಲ್ಲ. ಬಾರದೆ ಹೋದವಳೊಬ್ಬಳಿದ್ದರೆ ಒಬ್ಬರಿಗಾದರೂ ಗೊತ್ತಾಗಲಿ ಎಂದು.'

ಮೊದಲ ದಿನ ಆ ಸಾಲು ಓದಿ ಭೂತಗನ್ನಡಿ ಸುಮ್ಮನೆ ನಿಂತುಬಿಟ್ಟಿದ್ದಳು. ಅವಳಿಗೆ ಲೋಕದಲ್ಲಿ ಅಂಥ ಕೊಕ್ಕೆ ಎಲ್ಲೂ ಇರಲಿಲ್ಲ. ಅವಳ ಬಾಡಿಗೆ ಮನೆಗೆ ಅವಳು ಬಾರದೆ ಹೋದರೆ ಗೊತ್ತಾಗುವುದು ಹಾಲಿನವನಿಗೆ, ಅದೂ ಮೂರನೆಯ ದಿನಕ್ಕೆ.

ಅಕ್ಕ ಮಾಯವಾದ ಸಂಜೆ ಮೂವತ್ತೇಳನೇ ಕೊಕ್ಕೆ ಖಾಲಿಯಿತ್ತು. ಖಾಲಿ ಎಂದರೆ ಹೊರಗೆ ಹೋಗಿದ್ದಾಳೆ. ಈ ಕಾಲೇಜಿನಲ್ಲಿ ಅದಕ್ಕೆ ಎರಡನೆಯ ಅರ್ಥವೇ ಇಲ್ಲ. ಹಾಗಾಗಿ ಪೊಲೀಸರು ರೈಲ್ವೆ ನಿಲ್ದಾಣ ಜಾಲಾಡಿದರು, ಬಸ್ಸುಗಳನ್ನು ನಿಲ್ಲಿಸಿ ನೋಡಿದರು, ನದಿ ದಂಡೆಗೂ ಹೋದರು. ಕಾಲೇಜಿನ ಒಳಗೆ ಒಂದು ಬಾಗಿಲನ್ನೂ ತಟ್ಟಲಿಲ್ಲ.

ಆ ಬಿಲ್ಲೆ ಈಗ ಕಾಲೇಜಿನ ಲೈಬ್ರರಿಯಲ್ಲಿ, ಕಾಲೇಜಿನದೇ ಪತ್ರಿಕೆಯ ಆ ವರ್ಷದ ಸಂಪುಟದ ಉಬ್ಬಿಕೊಂಡಿದ್ದ ಬೆನ್ನೊಳಗೆ ಸಿಕ್ಕಿತ್ತು.

ಅವಳು ಕನ್ನಡಕ ಒರೆಸಿಕೊಂಡು ಕೆಲಸಕ್ಕೆ ಕೂತಳು. ಸಂಪುಟದ ಕೊನೆಯ ಸಂಚಿಕೆಯಲ್ಲಿ ವಾರ್ಷಿಕೋತ್ಸವದ ವರದಿ ಇತ್ತು. ಆ ವಾರ್ಷಿಕೋತ್ಸವ ನಡೆದದ್ದು ಅಕ್ಕ ಮಾಯವಾದ ಐದು ತಿಂಗಳ ಮೇಲೆ. ಅಂದಮೇಲೆ ಈ ಪುಸ್ತಕಕ್ಕೆ ಬೈಂಡು ಹಾಕಿದ್ದು ಅದಕ್ಕೂ ಆಮೇಲೆ.

ಬೈಂಡಿಂಗ್ ನಡೆಯುತ್ತಿದ್ದುದು ಇಲ್ಲೇ. ಚರಿತ್ರೆ ಓದಲಿ, ಸಂಗೀತ ಓದಲಿ, ಒಂದು ಕೈಕೆಲಸ ಕಲಿಯದವಳಿಗೆ ಇಲ್ಲಿ ಪದವಿ ಇಲ್ಲ. ನೇಯ್ಗೆ, ಮರಗೆಲಸ, ಬೈಂಡಿಂಗ್, ಯಾವುದಾದರೂ ಒಂದು. ಅಕ್ಕ ಆರಿಸಿಕೊಂಡದ್ದು ಬೈಂಡಿಂಗ್.

ಭೂತಗನ್ನಡಿ ಕಪಾಟಿನಿಂದ ಹಿಂದಿನ, ಮುಂದಿನ ವರ್ಷಗಳ ಸಂಪುಟಗಳನ್ನು ತಂದು ಪಕ್ಕದಲ್ಲಿಟ್ಟಳು. ಎಲ್ಲದರಲ್ಲೂ ಹೊಲಿಗೆಯ ಗಂಟುಗಳು ಬಲಕ್ಕೆ ವಾಲಿದ್ದವು. ಇದೊಂದರಲ್ಲಿ ಮಾತ್ರ ಎಡಕ್ಕೆ. ಹೊಲಿದವಳು ಎಡಗೈಯವಳು.

ಆಮೇಲೆ ಒಳಬಟ್ಟೆಯ ಮೇಲೆ ಗಟ್ಟಿಯಾಗಿ ಒಣಗಿದ್ದ ಅಂಟನ್ನು ದೀಪದ ಕೆಳಗೆ ಹಿಡಿದಳು. ಒಂದು ಹೆಬ್ಬೆಟ್ಟಿನ ಗುರುತು ಅಚ್ಚೊತ್ತಿದಂತೆ ಕೂತಿತ್ತು. ಎಡಗೈ ಹೆಬ್ಬೆಟ್ಟು. ಗೆರೆಗಳ ನಡುವೆ ಓರೆಯಾಗಿ ಒಂದು ಹಳೆಯ ಗಾಯದ ಗೀಟು.

ಆ ಗಾಯ ಆದಾಗ ಅವಳು ಎದುರಿಗೇ ಕೂತಿದ್ದಳು. ತಂಗಿಗೆ ಪೆನ್ಸಿಲ್ ಕೆತ್ತಿಕೊಡುವಾಗ ಅಕ್ಕನಿಗೆ ಬ್ಲೇಡು ತಗುಲಿತ್ತು. ಅಕ್ಕ ಅಳಲಿಲ್ಲ, ನೋಡುತ್ತಿದ್ದ ತಂಗಿ ಅತ್ತು ಊರು ಒಂದು ಮಾಡಿದ್ದಳು.

ಸಾವಿರಾರು ಬೆರಳುಗಳನ್ನು ಗುರುತಿಸಿದ ಹೆಂಗಸು ಈ ಒಂದು ಹೆಬ್ಬೆಟ್ಟಿನ ಮುಂದೆ ಬಿಕ್ಕಿ ಬಿಕ್ಕಿ ಅತ್ತಳು. ಹೊರಗೆ ಹೋಗಿ ಎಲ್ಲೋ ಸತ್ತಳು ಎಂದು ಅಮ್ಮ ಕೊರಗಿ ಕೊರಗಿ ಕಣ್ಣುಮುಚ್ಚಿದ ವರ್ಷವೇ ಅಕ್ಕ ಇಲ್ಲಿ ಕೂತು ಪುಸ್ತಕ ಹೊಲಿಯುತ್ತಿದ್ದಳು. ಸಂತೋಷವೋ ಸಿಟ್ಟೋ ಅವಳಿಗೆ ತಿಳಿಯಲಿಲ್ಲ. ಯಾರಿಗಾದರೂ ಹೇಳಬೇಕು ಅನ್ನಿಸಿತು. ಹೇಳಿಕೊಳ್ಳಲು ಅವಳಿಗೆ ಲೋಕದಲ್ಲಿ ಉಳಿದಿದ್ದವನು ಅಣ್ಣ ಒಬ್ಬನೇ.

"ಅಣ್ಣ, ನಾನು."

"ಯಾರು?"

"ಪುಟ್ಟಿ."

"ಓ. ಏನು ಸಮಾಚಾರ? ಹುಷಾರಾಗಿದ್ದೀಯಾ?"

ಅವಳು ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದಳು. ಫೋನು ಕಟ್ಟಾಯಿತೇನೋ ಎಂದು ಕಿವಿಯಿಂದ ತೆಗೆದು ನೋಡಿದಳು.

"ಕೇಳಿಸ್ತಾ ಅಣ್ಣ? ಆಮೇಲೂ ಬದುಕಿದ್ಲು. ಇಲ್ಲೇ ಇದ್ಲು."

"ಯಾರ್ಯಾರಿಗೆ ಹೇಳಿದೀಯಾ?"

"ನಿಂಗೇ ಮೊದಲು."

"ಒಳ್ಳೇದಾಯ್ತು. ಬೇರೆ ಯಾರಿಗೂ ಹೇಳ್ಬೇಡ. ಸಂಜೆ ಹೊತ್ತಿಗೆ ನಾನೇ ಬರ್ತೀನಿ."

ಹನ್ನೊಂದು ವರ್ಷದಿಂದ ಅಣ್ಣ ಅವಳ ಮನೆಯ ಹೊಸ್ತಿಲು ತುಳಿದಿರಲಿಲ್ಲ. ಈಗ ತಾನಾಗಿ ಬರುತ್ತೇನೆ ಎಂದಿದ್ದ. ಅರವತ್ತು ದಾಟಿದ ಹೆಂಗಸು ಚಿಕ್ಕ ಹುಡುಗಿಯ ಹಾಗೆ ಕೋಣೆಗೆ ಓಡಿಹೋಗಿ, ಹಾಸಿಗೆ ಮೇಲೆ ಹರಡಿದ್ದ ಬಟ್ಟೆಗಳನ್ನು ಮಡಿಸಿಟ್ಟು, ಪಕ್ಕದ ಕೋಣೆಯಿಂದ ಇನ್ನೊಂದು ಕುರ್ಚಿ ತಂದು ಹಾಕಿದಳು. ಅವಳಿಗೆ ಎರಡನೆಯ ಕುರ್ಚಿ ಬೇಕಾದದ್ದು ಬಂದಾಗಿನಿಂದ ಇದೇ ಮೊದಲು.

ಆಮೇಲೆ ಅವಳು ಮಾಡಿದ ಕೆಲಸ ಅವಳ ಇಲಾಖೆಯವರು ಕೇಳಿದ್ದರೆ ತಲೆಮೇಲೆ ಕೈಹೊತ್ತು ಕೂರುತ್ತಿದ್ದರು. ಸಾಕ್ಷಿಯ ವಸ್ತು ಮುಟ್ಟಬೇಡಿ, ಮುಟ್ಟಬೇಡಿ ಎಂದು ಮೂವತ್ತೊಂದು ವರ್ಷ ಪೇದೆಗಳಿಗೆ ಬೈದವಳು, ಬರಿಗೈಯಲ್ಲಿ ಬಿಲ್ಲೆ ಎತ್ತಿಕೊಂಡು ಗೇಟಿಗೆ ಹೋಗಿ ಮೂವತ್ತೇಳನೇ ಕೊಕ್ಕೆಗೆ ನೇತುಹಾಕಿದಳು.

ಗೇಟಿನಾಕೆ ಬಾಯಿಬಿಟ್ಟುಕೊಂಡು ನೋಡಿದಳು. ಅವಳ ಅಮ್ಮನೂ ಇದೇ ಗೇಟಿನಲ್ಲಿದ್ದವಳು.

"ಈ ಕೊಕ್ಕೆ ತುಂಬಿದ್ದು ನಾನು ನೋಡೇ ಇಲ್ಲ ಮೇಡಂ. ಯಾವ ಹುಡುಗೀಗೂ ಈ ನಂಬರು ಕೊಡ್ತಿರ್ಲಿಲ್ಲ."

"ಇವತ್ತು ಒಂದಿನ ತುಂಬಿರ್ಲಿ," ಎಂದಳು ಭೂತಗನ್ನಡಿ.

* * *

ಹಾಸ್ಟೆಲ್ಲಿನ ಹಿಂದಿನ ಎರಡು ಕೋಣೆಯ ಮನೆಯಲ್ಲಿ ಹಳೆಯ ವಾರ್ಡನ್ ಇದ್ದರು. ವಯಸ್ಸು ಎಂಬತ್ತಾರು. ನಲವತ್ತು ವರ್ಷ ಊರ ಹೆಣ್ಣುಮಕ್ಕಳನ್ನೆಲ್ಲ ಕಾದು, ಕೊನೆಗೆ ತಮ್ಮವರು ಅಂತ ಯಾರೂ ಇಲ್ಲದೆ ಅಲ್ಲೇ ಉಳಿದವರು. ಎರಡು ತಿಂಗಳಲ್ಲಿ ಭೂತಗನ್ನಡಿ ಅವರನ್ನು ಆರು ಸಲ ಮಾತಾಡಿಸಿದ್ದಳು. ಆರು ಸಲವೂ ಅವರಿಗೆ ಕಿವಿ ಮಂದವಾಗಿತ್ತು.

ಐದು ಗಂಟೆಗೆ ಅವಳು ಹೋದಾಗ ಮೇಜಿನ ಮೇಲೆ ಎರಡು ಲೋಟ ಚಹಾ ಕಾಯುತ್ತಿತ್ತು.

"ಬಾ ಮಗು. ಬರ್ತೀಯ ಅಂತ ಗೊತ್ತಿತ್ತು. ಬೆಳಗ್ಗೆ ನೀನು ಗೇಟಿನ ಕೋಣೇಲಿ ಕೈ ಎತ್ತಿ ಏನೋ ನೇತುಹಾಕಿದ್ದು ಕಿಟಕಿಯಿಂದ ಕಾಣಿಸ್ತು. ಗೇಟಿನವಳನ್ನ ಕೇಳಿ ತಿಳ್ಕೊಂಡೆ."

ಇವತ್ತು ಕಿವಿ ನೆಟ್ಟಗಿತ್ತು.

"ಯಾವ ಪುಸ್ತಕದಲ್ಲಿ ಇಟ್ಟಿದ್ಲು?" ವಾರ್ಡನ್ ಕೇಳಿದರು.

ಭೂತಗನ್ನಡಿ ಲೋಟ ಕೆಳಗಿಟ್ಟಳು. "ಪುಸ್ತಕದಲ್ಲಿತ್ತು ಅಂತ ನಾನು ಯಾರಿಗೂ ಹೇಳಿಲ್ಲ. ಗೇಟಿನವಳಿಗೂ ಹೇಳಿಲ್ಲ."

ವಾರ್ಡನ್ ಅವಳನ್ನೇ ನೋಡಿದರು. ಆಮೇಲೆ ಬೊಚ್ಚುಬಾಯಲ್ಲಿ ನಕ್ಕರು. "ಪೊಲೀಸಿನೋಳ ಹತ್ರ ಬಾಯಿಬಿಡಬಾರದು ನೋಡು. ವಯಸ್ಸಾಯ್ತು, ಸುಳ್ಳು ಹೇಳೋ ಅಭ್ಯಾಸ ತಪ್ಪಿಹೋಗಿದೆ."

"ಅಕ್ಕನ್ನ ಬಚ್ಚಿಟ್ಟೋರು ನೀವೇನಾ?"

"ಮೊದಲು ನೀನು ಹೇಳು. ಬಿಲ್ಲೆ ಸಿಕ್ಕಿದ್ದು ನಿನ್ನ ಮನೆಯೋರಿಗೆ ಯಾರಿಗಾದ್ರೂ ಹೇಳಿದೀಯಾ?"

"ಇಲ್ಲ," ಎಂದಳು. ಯಾಕೆ ಸುಳ್ಳು ಹೇಳಿದಳೋ ಅವಳಿಗೇ ತಿಳಿಯಲಿಲ್ಲ. ಅಣ್ಣ ಯಾರಿಗೂ ಹೇಳಬೇಡ ಎಂದಿದ್ದ, ಅಣ್ಣನ ಮಾತು ಮೀರಿ ಅವಳಿಗೆ ಅಭ್ಯಾಸವಿರಲಿಲ್ಲ, ಅಷ್ಟೇ.

ವಾರ್ಡನ್ ಹಗುರವಾದಂತೆ ಉಸಿರುಬಿಟ್ಟರು.

"ಆ ಬಿಲ್ಲೆ ಕೊಕ್ಕೆಯಿಂದ ತೆಗೆದು ಅವಳ ಕೈಗೆ ಕೊಟ್ಟೋಳು ನಾನೇ. ನಿನ್ನ ಅಕ್ಕ ಅವತ್ತು ಗೇಟು ದಾಟಲಿಲ್ಲ. ಬೈಂಡಿಂಗ್ ಕೋಣೆ ಮೇಲೆ ಒಂದು ಅಟ್ಟ ಇದೆ ನೋಡು, ರಟ್ಟು ಕಾಗದ ಇಡೋದು, ಅಲ್ಲಿ ಹತ್ತಿ ಕೂತ್ಲು. ಆರು ತಿಂಗಳು ಹತ್ತು ದಿನ ಇದ್ಲು. ಮೂರು ಹೊತ್ತು ನಾನೇ ತಟ್ಟೆ ಒಯ್ದು ಕೊಡ್ತಿದ್ದೆ. ಸುಮ್ನೆ ಕೂರೋ ಜೀವ ಅಲ್ಲ ಅದು, ಆ ವರ್ಷದ ಪುಸ್ತಕ ಎಲ್ಲ ಹೊಲಿದು ಹಾಕಿದ್ಲು."

"ನಮ್ಮಮ್ಮ ಸತ್ತಿದ್ದು ಆಗಲೇ. ಗೊತ್ತಿತ್ತಾ ನಿಮಗೆ?"

"ಗೊತ್ತಿತ್ತು."

"ಅವಳಿಗೆ ಹೇಳಿದ್ರಾ?"

"ಹೇಳ್ದೆ. ಮೂರು ದಿನ ತಟ್ಟೆ ಮುಟ್ಟಲಿಲ್ಲ. ಆದ್ರೂ ಇಳಿದು ಬರಲಿಲ್ಲ."

ಅಮ್ಮನನ್ನು ಕಳಿಸಿಕೊಟ್ಟ ದಿನ ಹನ್ನೆರಡರ ಹುಡುಗಿ ಬಾಗಿಲ ಬಳಿ ನಿಂತು, ಇವತ್ತಾದರೂ ಅಕ್ಕ ಬಂದೇ ಬರುತ್ತಾಳೆ ಎಂದು ದಾರಿ ನೋಡಿದ್ದಳು. ಒಂದು ಊರಿನಾಚೆ, ಒಂದು ಅಟ್ಟದ ಮೇಲೆ ಅಕ್ಕನೂ ಹಾಗೇ ಒಬ್ಬಳೇ ಕೂತಿದ್ದಳು.

"ಯಾರಿಗೆ ಹೆದರಿ? ಅಪ್ಪನಿಗಾ?"

"ನಿಮ್ಮಪ್ಪ ಪಾಪ. ಸಂದರ್ಶಕರ ಕೋಣೇಲಿ ಕೂತು ಮುಖ ಮುಚ್ಕೊಂಡು ಅತ್ತೋರು. ಅವರಿಗೆ ಯಾರು ಹೆದರ್ತಾರೆ?" ವಾರ್ಡನ್ ಗೋಡೆಯ ಗಡಿಯಾರ ನೋಡಿದರು. "ರಜೆಗೆ ಬಂದಾಗ ಅವಳು ನಿನ್ನ ಕೈಲಿ ಒಂದು ಕಾಗದ ಕೊಟ್ಟಿದ್ಲಂತೆ, ಅಂಚೆ ಡಬ್ಬಿಗೆ ಹಾಕು ಅಂತ. ನೆನಪಿದೆಯಾ?"

ನೆನಪಿತ್ತು. ಬೀದಿಯ ತಿರುವಿನಲ್ಲಿ ಅಣ್ಣ ಸೈಕಲ್ ನಿಲ್ಲಿಸಿದ್ದ. 'ಕೊಡು ಪುಟ್ಟಿ, ನಾನು ಆ ಕಡೆಗೇ ಹೋಗ್ತಿದೀನಿ' ಎಂದಿದ್ದ. ಆಮೇಲೆ ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂರಿಸಿಕೊಂಡು ಎರಡು ಸುತ್ತು ಹೊಡೆಸಿದ್ದ. ಅಣ್ಣ ಅವಳನ್ನು ಸೈಕಲ್ ಹತ್ತಿಸಿಕೊಂಡದ್ದು ಅದೊಂದೇ ಸಲ. ಆ ಸಂತೋಷದಲ್ಲಿ ಕಾಗದದ ಮಾತು ಮರೆತೇಹೋಗಿತ್ತು.

"ಅದು ಪೊಲೀಸ್ ಸ್ಟೇಷನ್ನಿಗೆ ಬರೆದ ಕಾಗದ," ವಾರ್ಡನ್ ಹೇಳಿದರು. "ಮನೇಲಿ ಏನೋ ನೋಡಬಾರದ್ದನ್ನ ನೋಡಿದ್ಲು. ಏನು ಅಂತ ನಂಗೂ ಬಾಯಿಬಿಡಲಿಲ್ಲ. ನಿಮಗೆ ಗೊತ್ತಾದ್ರೆ ನಿಮಗೂ ಕಷ್ಟ ಅಂದ್ಲು. ಕಾಗದ ಸ್ಟೇಷನ್ ಮುಟ್ಟಲಿಲ್ಲ. ಮುಟ್ಟಬಾರದ ಕೈ ಮುಟ್ತು."

ಅವರು ಎದ್ದು, ಪೆಟ್ಟಿಗೆಯಿಂದ ಬಟ್ಟೆ ಸುತ್ತಿದ ಒಂದು ಉದ್ದನೆಯ ಪುಸ್ತಕ ತೆಗೆದರು. ಸಂದರ್ಶಕರ ಪುಸ್ತಕ. ಹುಡುಗಿಯರು ಹೊರಗೆ ಹೋದದ್ದು ಹಲಗೆಗೆ ಗೊತ್ತಾಗುತ್ತಿತ್ತು, ಹೊರಗಿನವರು ಒಳಗೆ ಬಂದದ್ದು ಇದಕ್ಕೆ. ಆ ವರ್ಷದ ಪುಸ್ತಕವನ್ನು ಗೆದ್ದಲು ತಿಂದುಹಾಕಿತೆಂದು ಕಚೇರಿಯವರು ಅವಳಿಗೆ ಹೇಳಿದ್ದರು.

"ಅವಳು ಮಾಯವಾದ ದಿನ ಅಪ್ಪ ಒಬ್ಬರೇ ಬಂದಿದ್ರು ಅಂತ ತಾನೆ ನಿಮ್ಮನೇಲಿ ಹೇಳಿದ್ದು?"

"ಹೌದು. ಅಣ್ಣ ಆ ವಾರ ಪರೀಕ್ಷೆ ಬರೆಯೋಕೆ ಬೇರೆ ಊರಿಗೆ ಹೋಗಿದ್ದ."

"ನೋಡು."

ಅಪ್ಪನ ನಡುಗುವ ಸಹಿ. ಬಂದದ್ದು ನಾಲ್ಕೂಕಾಲು, ಹೋದದ್ದು ಐದು. ಅದರ ಕೆಳಗೇ ಇನ್ನೊಂದು ಸಹಿ, ಹೆಸರಿನ ಕೆಳಗೆ ಎರಡು ಗೀಟು ಎಳೆದು ಚುಕ್ಕಿ ಇಟ್ಟದ್ದು. ಬಂದದ್ದು ನಾಲ್ಕೂಕಾಲು. ಹೋದದ್ದು ಏಳೂ ಹತ್ತು. ಆ ಎರಡು ಗೀಟು, ಆ ಚುಕ್ಕಿ ಅವಳು ಹುಟ್ಟಿದಾಗಿನಿಂದ ಕಂಡದ್ದೇ.

"ಮೂರು ಗಂಟೆ ಹೊತ್ತು ಕೋಣೆ ಕೋಣೆ ಹುಡುಕಿದ," ವಾರ್ಡನ್ ಹೇಳಿದರು. "ಗಂಡಸರು ಕಾಲಿಡಬಾರದ ಕಡೆಯೆಲ್ಲ ಕಾಲಿಟ್ಟ. ಅವಳ ಪುಸ್ತಕ ಎಲ್ಲ ಹರಿದು ಕಾರಿಡಾರಿಗೆ ಎಸೆದ. ಕೂಗಾಡಲಿಲ್ಲ, ಒಂದು ಮಾತು ಆಡಲಿಲ್ಲ. ಅದಕ್ಕೇ ನಂಗೂ ಹೆದರಿಕೆ ಆಯ್ತು. ಕೊನೆಗೆ ನಾನು ಖಾಲಿ ಕೊಕ್ಕೆ ತೋರಿಸ್ದೆ. ಅದನ್ನ ನೋಡಿದ ಮೇಲೆ ಹೋದ."

ಭೂತಗನ್ನಡಿಗೆ ಬೆಳಗ್ಗೆ ತಂದಿಟ್ಟ ಎರಡನೆಯ ಕುರ್ಚಿ ಕಣ್ಣಮುಂದೆ ಬಂತು.

"ನನಗ್ಯಾಕೆ ಹೇಳಲಿಲ್ಲ? ಇಷ್ಟು ವರ್ಷ ಆಯ್ತಲ್ಲ. ನನಗೊಬ್ಬಳಿಗೆ ಹೇಳಬಹುದಿತ್ತು."

"ನಿನಗೆ ಮಾತ್ರ ಹೇಳಬೇಡಿ ಅಂದಿದ್ಲು. ಸಿಟ್ಟಿಂದ ಅಲ್ಲ ಮಗು. 'ಅವಳು ಚಿಕ್ಕೋಳು, ಅಣ್ಣನ ಹತ್ರ ಏನೂ ಬಚ್ಚಿಡಲ್ಲ' ಅಂದ್ಲು. ಅಷ್ಟೇ."

ಅಷ್ಟೇ. ನಲವತ್ತೆಂಟು ವರ್ಷದ ಒಂಟಿತನಕ್ಕೆ ಅಷ್ಟೇ ಕಾರಣ. ಅವಳು ಎದ್ದು ನಿಂತಳು.

"ಕೂತ್ಕೋ. ಇನ್ನೊಂದು ಸ್ವಲ್ಪ ಹೊತ್ತು ಕೂತ್ಕೋ," ವಾರ್ಡನ್ ಮತ್ತೆ ಗಡಿಯಾರ ನೋಡಿದರು.

"ಅಕ್ಕ ಬದುಕಿದ್ದಾಳಾ?"

ವಾರ್ಡನ್ ಕಿಟಕಿಯಿಂದ ಗೇಟಿನ ಕಡೆ ನೋಡಿದರು. ಅವರ ಮುಖದಲ್ಲಿ ಏನಿತ್ತೋ, ಅದನ್ನು ನೋಡಿದ್ದೇ ತಡ, ಅವಳು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಿದ್ದಳು. ನಾನು ಹೇಳಿಬಿಟ್ಟಿದ್ದೇನೆ ಎಂಬ ಮಾತು ನಾಲಗೆ ತುದಿಯಲ್ಲಿತ್ತು. ನಾಚಿಕೆ ಅದನ್ನು ಹೊರಗೆ ಬಿಡಲಿಲ್ಲ.

* * *

ಗೇಟಿನ ದಾರಿಯುದ್ದಕ್ಕೂ ಅಣ್ಣನಿಗೆ ಫೋನು ಮಾಡಿದಳು. ಮೂರು ಸಲ ಪೂರ್ತಿ ರಿಂಗಾಯಿತು, ಎತ್ತಲಿಲ್ಲ. ಹುಡುಗಿಯರು ಗುಂಪು ಗುಂಪಾಗಿ ಹೊರಗಿನಿಂದ ಬಂದು, ನಗುತ್ತಾ ತಮ್ಮ ತಮ್ಮ ಬಿಲ್ಲೆ ನೇತುಹಾಕುತ್ತಿದ್ದರು. ಅವರನ್ನು ಸರಿಸಿಕೊಂಡು ಅವಳು ಹಲಗೆಯ ಮುಂದೆ ನಿಂತಳು.

ಮೂವತ್ತೇಳನೇ ಕೊಕ್ಕೆ ಖಾಲಿಯಿತ್ತು.

"ಎಲ್ಲಿ?" ಅವಳು ಗೇಟಿನಾಕೆಯ ಕಡೆ ತಿರುಗಿದಳು. "ಬಿಲ್ಲೆ ಎಲ್ಲಿ?"

"ತಗೊಂಡ್ರಲ್ಲ ಮೇಡಂ," ಗೇಟಿನಾಕೆ ತಣ್ಣಗೆ ಹೇಳಿದಳು. "ಐದು ಗಂಟೆ ಹೊತ್ತಿಗೆ ವಯಸ್ಸಾದ ಹೆಂಗಸು ಒಬ್ಬರು ಆಟೋದಲ್ಲಿ ಬಂದ್ರು. ಹಲಗೆ ಮುಂದೆ ತುಂಬ ಹೊತ್ತು ನಿಂತಿದ್ರು. ಹಳೇ ಹುಡುಗೀರು ಬಂದಾಗ ಎಲ್ಲರೂ ಹಂಗೇ ನಿಲ್ತಾರೆ. ಆಮೇಲೆ 'ಇದು ನಂದು' ಅಂತ ತಗೊಂಡ್ರು. ನಾನು ಯಾಕೆ ಬೇಡ ಅನ್ನಲಿ?"

"ಯಾವ ಕೈಯಲ್ಲಿ?"

ಗೇಟಿನಾಕೆ ಸ್ವಲ್ಪ ಯೋಚಿಸಿ, ಕೈ ಎತ್ತಿ ತೋರಿಸಿದಳು. ಎಡಗೈ.

"ಯಾವ ಕಡೆ ಹೋದ್ರು? ಹೊರಗೆ ಹೋಗಿ ಎಷ್ಟು ಹೊತ್ತಾಯ್ತು?"

"ಹೊರಗೆ ಹೋಗಲಿಲ್ಲ ಮೇಡಂ, ಅದೇ ತಮಾಷೆ. ಬಿಲ್ಲೆ ತಗೊಂಡು ಒಳಗೆ ಹೋದ್ರು. ಬೈಂಡಿಂಗ್ ಕೋಣೆ ಬೀಗದಕೈ ಕೇಳಿದ್ರು, ವಾರ್ಡನಮ್ಮ ಫೋನಲ್ಲಿ ಮೊದಲೇ ಹೇಳಿದ್ರು, ಕೊಟ್ಟೆ."

ಭೂತಗನ್ನಡಿ ಗೇಟಿನ ಕಂಬಿ ಹಿಡಿದುಕೊಂಡಳು. "ಗೇಟು ಮುಚ್ಚು. ಯಾರು ಬಂದ್ರೂ ತೆಗೀಬೇಡ."

"ಆರಕ್ಕೆ ಇನ್ನೂ ಕಾಲು ಗಂಟೆ ಇದೆಯಲ್ಲ. ಹುಡುಗೀರು ಅರ್ಧ ಜನ ಹೊರಗಿದ್ದಾರೆ. ನೂರು ವರ್ಷದಿಂದ ಆರಕ್ಕೆ ಮುಂಚೆ ಈ ಗೇಟು ಮುಚ್ಚಿಲ್ಲ ಮೇಡಂ. ನೀವೇ ಬರೆದಿದ್ದೀರಂತಲ್ಲ, ನಿಮ್ಮ ಚರಿತ್ರೇಲಿ."

ಅವಳ ಜೊತೆ ವಾದಕ್ಕೆ ನಿಲ್ಲಲು ಪುರುಸೊತ್ತಿರಲಿಲ್ಲ. ಲೈಬ್ರರಿ ದಾಟಿ, ಸಂಗೀತದ ಕೋಣೆ ದಾಟಿ, ಹಳೆಯ ಕಟ್ಟಡದ ಹಿಂಬದಿಗೆ ಅವಳು ಓಡಿದಳು. ಮಂಡಿನೋವು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಬೈಂಡಿಂಗ್ ಕೋಣೆಗೆ ಹನ್ನೆರಡು ವರ್ಷದಿಂದ ಬೀಗ ಬಿದ್ದಿತ್ತು. ಈಗ ಬೀಗ ಚಿಲಕದಲ್ಲಿ ಬಾಯಿತೆರೆದು ತೂಗುತ್ತಿತ್ತು. ಬಾಗಿಲು ಒಳಗಿನಿಂದ ಹಾಕಿತ್ತು.

ತಟ್ಟಿದಳು.

ಒಳಗೆ ಏಣಿಯ ಮೆಟ್ಟಿಲು ಕಿರುಗುಟ್ಟಿತು. ಯಾರೋ ಮೆಲ್ಲಗೆ, ಒಂದೊಂದೇ ಮೆಟ್ಟಿಲು ಇಳಿದು ಬಂದು ಬಾಗಿಲ ಆಚೆ ನಿಂತರು. ಉಸಿರಾಟ ಕೇಳಿಸುತ್ತಿತ್ತು.

"ಬಾಲ?"

ಭೂತಗನ್ನಡಿ ಹಣೆಯನ್ನು ಬಾಗಿಲಿಗೆ ಒತ್ತಿದಳು. ಎಲ್ಲಿ ಹೋದರೂ ಬಾಲದ ಹಾಗೆ ಹಿಂದೆ ಬರುತ್ತೀಯ ಎಂದು ಅಕ್ಕ ಇಟ್ಟ ಹೆಸರು ಅದು. ಇನ್ನೊಬ್ಬರ ಬಾಯಲ್ಲಿ ಅವಳು ಅದನ್ನು ಕೇಳಿಯೇ ಇರಲಿಲ್ಲ. ಎಷ್ಟೋ ವರ್ಷ ರಾತ್ರಿ ದೀಪ ಆರಿಸುವ ಮುಂಚೆ, ಆ ದನಿ ಮರೆತುಹೋಗದಿರಲಿ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ ಹೆಸರು.

"ಅಕ್ಕ," ಎಂದಳು. "ನಾನೇ ಅಕ್ಕ."

ಚಿಲಕದ ಮೇಲೆ ಕೈ ಬಿದ್ದ ಸದ್ದಾಯಿತು. ಬಿಲ್ಲೆ ಆ ಕೈಯಲ್ಲೇ ಇತ್ತೆಂದು ಕಾಣುತ್ತದೆ, ಕಬ್ಬಿಣಕ್ಕೆ ಹಿತ್ತಾಳೆ ತಾಕಿ ಸಣ್ಣಗೆ ಕಿಣಿಗುಟ್ಟಿತು. ಆದರೆ ಚಿಲಕ ಸರಿಯಲಿಲ್ಲ.

"ಒಬ್ಬಳೇ ಬಂದಿದ್ದೀಯಾ?" ಆ ದನಿ ಕೇಳಿತು. "ಇಲ್ಲಾಂದ್ರೆ ಈ ಸಲಾನೂ ಅಣ್ಣನಿಗೆ ಹೇಳಿ ಬಂದ್ಯಾ?"

ಸುಳ್ಳು ಹೇಳಿದರೆ ಬಾಗಿಲು ತೆರೆಯುತ್ತಿತ್ತು. ನಿಜ ಹೇಳಿದರೆ ಇನ್ನು ಯಾವತ್ತೂ ತೆರೆಯದೆ ಇರಬಹುದು. ಎರಡರಲ್ಲಿ ಒಂದನ್ನು ಹೇಳಲು ಅವಳು ಬಾಯಿ ತೆರೆದಳು.

ಗೇಟಿನ ಕಡೆಯಿಂದ ಕಾರಿನ ಹಾರನ್ನು ಎರಡು ಸಲ ಕೇಳಿಸಿತು. ಚಿಲಕಕ್ಕೆ ತಾಕುತ್ತಿದ್ದ ಬಿಲ್ಲೆಯ ಸದ್ದು ನಿಂತಿತು.